ಅಪ್ಪ-ಅಮ್ಮನಿಗೆ ಬಿಸಿನೆಸ್ ಕ್ಲಾಸ್: ಕಡಿಮೆ ದರದ ಟಿಕೆಟ್ ಹುಡುಕುವುದು ಹೇಗೆ?

ಪ್ರಶ್ನೆ: ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ಅಪ್ಪ-ಅಮ್ಮ ಮೈಸೂರಿನಲ್ಲಿದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಅಮ್ಮನ ಮೊಣಕಾಲಿಗೆ ಆಪರೇಷನ್ ಆಗಿದೆ. ಕಳೆದ ಸಲ ಎಕಾನಮಿಯಲ್ಲಿ ಬಂದಾಗ ಅವರ ಕಾಲು ಊದಿಕೊಂಡು ಸರಿಯಾಗಿ ನಡೆಯಲಾಗಲಿಲ್ಲ. ಈ ಸಲ ಬಿಸಿನೆಸ್ ಕ್ಲಾಸ್‌ನಲ್ಲೇ ಕರೆಸಿಕೊಂಡು, ಅದರಲ್ಲೇ ವಾಪಸ್ ಕಳಿಸಬೇಕು ಅಂತಿದ್ದೇವೆ. ಮೇ ತಿಂಗಳಿಗೆ ನೋಡಿದರೆ ಹೋಗಿಬರುವ ಟಿಕೆಟ್ ಒಬ್ಬರಿಗೇ ಐದು ಸಾವಿರ ಡಾಲರ್ ಮೇಲೆ ತೋರಿಸುತ್ತಿದೆ. ಒಬ್ಬ ಏಜೆಂಟ್ ಫೋನ್ ಮಾಡಿ, ‘ಇದೇ ಸೀಟು 2,400 ಡಾಲರ್‌ಗೆ ಕೊಡುತ್ತೇನೆ, ಕಾರ್ಪೊರೇಟ್ ರೇಟು, ಹಣ ಝೆಲ್ ಮಾಡಿ’ (ಬ್ಯಾಂಕ್ ಖಾತೆಯಿಂದ ಖಾತೆಗೆ ತಕ್ಷಣ ಹಣ ಕಳಿಸುವ ಅಮೆರಿಕದ ಸೇವೆ) ಅಂದರು. ನಂಬಬಹುದೇ? ನಿಜವಾಗಿಯೂ ಕಡಿಮೆ ದರಕ್ಕೆ ಸಿಗುವ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಆ ಏಜೆಂಟ್‌ಗೆ ಸದ್ಯಕ್ಕೆ ದುಡ್ಡು ಕಳಿಸಬೇಡಿ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಬಿಸಿನೆಸ್ ಕ್ಲಾಸ್ ಅಂದರೆ ಒಂದೇ ದರ ಅಲ್ಲ. ಒಂದೇ ವಿಮಾನದಲ್ಲಿ, ಒಂದೇ ಸಾಲಿನಲ್ಲಿ ಕೂತ ಇಬ್ಬರು ಕೊಟ್ಟ ಹಣ ಒಂದಕ್ಕೆರಡು ಇರಬಹುದು. ಏರ್‌ಲೈನ್‌ಗಳು ಆ ಸೀಟುಗಳನ್ನು ಬೇರೆ ಬೇರೆ ಅಕ್ಷರಗಳ ಕೆಳಗೆ ಮಾರುತ್ತವೆ. ಲುಫ್ತಾನ್ಸಾದಲ್ಲಿ ಜೆ, ಸಿ, ಡಿ, ಝಡ್, ಪಿ ಅಂತ ಇವೆ. ಜೆ ಪೂರ್ತಿ ದರ, ಪಿ ತೀರಾ ಅಗ್ಗ. ಮಲಗುವ ಸೀಟು, ಊಟ ಎಲ್ಲಕ್ಕೂ ಒಂದೇ. ಮುಖ್ಯವಾಗಿ ಟಿಕೆಟ್ ಬದಲಾಯಿಸುವ, ವಾಪಸ್ ಮಾಡುವ ನಿಯಮ ಬೇರೆ. ಅಗ್ಗದ ಅಕ್ಷರದಲ್ಲಿ ಸೀಟು ಖಾಲಿ ಇದ್ದ ದಿನವನ್ನು ಹುಡುಕುವುದೇ ನಿಮ್ಮ ಕೆಲಸ.

ಹಾಗಾದರೆ ಯಾವ ದಿನ? ಇಲ್ಲಿ ಬಹಳ ಜನ ಮರೆಯುವ ವಿಷಯ ಒಂದಿದೆ. ಸೀಸನ್ ಅನ್ನುವುದು ತಿಂಗಳಿಗೆ ಮಾತ್ರ ಸೇರಿದ್ದಲ್ಲ, ದಿಕ್ಕಿಗೂ ಸೇರಿದ್ದು. ಡಿಸೆಂಬರ್ ಎರಡನೇ, ಮೂರನೇ ವಾರದಲ್ಲಿ ಅಮೆರಿಕದಿಂದ ಭಾರತಕ್ಕೆ ಹೋಗುವ ವಿಮಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ವಾರ ಭಾರತದಿಂದ ಅಮೆರಿಕಕ್ಕೆ ಬರುವವರು ಕಡಿಮೆ. ಜನವರಿ ಮೊದಲ ವಾರಗಳಲ್ಲಿ ಇದು ಪೂರ್ತಿ ತಿರುಗುತ್ತದೆ. ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಓದಲು ಬರುವ ವಿದ್ಯಾರ್ಥಿಗಳು, ರಜೆ ಮುಗಿಸಿ ಮರಳುವ ಕುಟುಂಬಗಳು ಸೇರಿ ಭಾರತದಿಂದ ಹೊರಡುವ ವಿಮಾನಗಳನ್ನು ತುಂಬಿಸುತ್ತಾರೆ. ನೀವು ನೋಡಿದ ಮೇ ತಿಂಗಳು ಮಕ್ಕಳ ಮನೆಗೆ ಬರುವ ಅಪ್ಪ-ಅಮ್ಮಂದಿರ ಕಾಲ. ಬೇಸಿಗೆಯಲ್ಲಿ ಬಂದು ಚಳಿಗೆ ಮೊದಲು ಹೊರಡಬೇಕು ಅಂತ ಎಲ್ಲರದೂ ಒಂದೇ ಲೆಕ್ಕ ಅಲ್ವಾ?

ಹೋಗಿಬರುವ ಟಿಕೆಟ್‌ನ ದರ ಸಾಮಾನ್ಯವಾಗಿ ಎರಡು ಅರ್ಧಗಳು ಸೇರಿ ಆಗಿರುತ್ತದೆ. ಹೊರಡುವ ದಿನಕ್ಕೆ ಒಂದರ್ಧ, ಮರಳುವ ದಿನಕ್ಕೆ ಇನ್ನೊಂದರ್ಧ. ಹಾಗಾಗಿ ಎರಡೂ ತುದಿ ಬೇರೆ ಬೇರೆಯಾಗಿ ಸರಿಸಿ ನೋಡಿ. ಅಪ್ಪ-ಅಮ್ಮ ಮೇ ಬದಲು ಮಾರ್ಚ್ ಕೊನೆಗೆ ಬಂದರೆ ಎಷ್ಟು? ಮರಳುವುದು ಆಗಸ್ಟ್ ಬದಲು ಸೆಪ್ಟೆಂಬರ್ ಮೂರನೇ ವಾರವಾದರೆ ಎಷ್ಟು? ನಾನು ನೋಡಿರುವ ಮಟ್ಟಿಗೆ, ಬೇರೆಲ್ಲ ಉಪಾಯಗಳಿಗಿಂತ ಈ ಒಂದರಲ್ಲೇ ಉಳಿತಾಯ ಜಾಸ್ತಿ. ಶಿಕಾಗೋದಲ್ಲಿ ಮಾರ್ಚ್ ಕೊನೆಗೆ ಇನ್ನೂ ಚಳಿ ಇರುತ್ತದೆ, ಸ್ವೆಟರ್ ಬೇಕು, ಒಪ್ಪುತ್ತೇನೆ. ಆದರೆ ಬಿ1/ಬಿ2 (ಪ್ರವಾಸಿ) ವೀಸಾದಲ್ಲಿ ಬರುವವರು ಸಾಮಾನ್ಯವಾಗಿ ಆರು ತಿಂಗಳ ಒಳಗೆ ಹೊರಡಬೇಕಾಗುತ್ತದೆ. ಆ ಆರು ತಿಂಗಳನ್ನು ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಂಡರೆ ನಷ್ಟವೇನಿಲ್ಲ.

ಈಗ ಹುಡುಕುವ ವಿಷಯ. ಗೂಗಲ್ ಫ್ಲೈಟ್ಸ್ ಸಾಕು. ಹೊರಡುವ ಜಾಗದಲ್ಲಿ ಬೆಂಗಳೂರಿನ ಜೊತೆ ಚೆನ್ನೈ, ಹೈದರಾಬಾದ್, ಕೊಚ್ಚಿ ಹಾಕಿ. ಒಂದೇ ಸಲ ಏಳು ಊರುಗಳವರೆಗೆ ಹಾಕಬಹುದು. ಕ್ಲಾಸ್ ‘ಬಿಸಿನೆಸ್’ ಅಂತ ಮಾಡಿ. ಆಮೇಲೆ ‘ಡೇಟ್ ಗ್ರಿಡ್’ ಒತ್ತಿ. ಮೇಲೆ ಹೊರಡುವ ದಿನಗಳು, ಪಕ್ಕದಲ್ಲಿ ಮರಳುವ ದಿನಗಳು, ನಡುವೆ ದರಗಳು ಕಾಣುತ್ತವೆ. ಕಡಿಮೆ ದರಗಳು ಹಸಿರಲ್ಲಿ ಇರುತ್ತವೆ. ಹಾಗೇ ಬಾಣ ಒತ್ತುತ್ತಾ ವಾರ ವಾರ ಮುಂದೆ ಹೋಗಿ. ಅರ್ಧ ಗಂಟೆಯಲ್ಲಿ ಇಡೀ ವರ್ಷದ ಏರಿಳಿತ ಗೊತ್ತಾಗುತ್ತದೆ. ಮನಸ್ಸಿಗೆ ಬಂದ ಎರಡು ಮೂರು ದಿನಾಂಕಗಳಿಗೆ ದರ ಬದಲಾದರೆ ತಿಳಿಸುವಂತೆ ‘ಟ್ರ್ಯಾಕ್’ ಹಾಕಿಡಿ.

ನೀವು ಇಬ್ಬರಿಗೆ ಟಿಕೆಟ್ ಹುಡುಕುತ್ತಿದ್ದೀರಿ. ಅದರಲ್ಲೊಂದು ಸಣ್ಣ ತೊಡಕಿದೆ. ಅಗ್ಗದ ಅಕ್ಷರದಲ್ಲಿ ಒಂದೇ ಸೀಟು ಉಳಿದಿದ್ದು, ನೀವು ಇಬ್ಬರು ಅಂತ ಹಾಕಿದರೆ, ಸಿಸ್ಟಮ್ ಸಾಮಾನ್ಯವಾಗಿ ಇಬ್ಬರಿಗೂ ಮೇಲಿನ ದರವನ್ನೇ ತೋರಿಸುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಅಂತ ಹಾಕಿ, ಆಮೇಲೆ ಇಬ್ಬರಿಗೆ ಹಾಕಿ ನೋಡಿ. ವ್ಯತ್ಯಾಸ ಬಂದರೆ ಒಂದು ದಿನ ಆಚೆ ಈಚೆ ಮಾಡಿ. ಬೇಕಾದರೆ ಬೇರೆ ಬೇರೆಯಾಗಿ ಬುಕ್ ಮಾಡಿ, ಏರ್‌ಲೈನ್‌ಗೆ ಫೋನ್ ಮಾಡಿ ಎರಡೂ ಪಿಎನ್‌ಆರ್‌ಗಳನ್ನು ಜೋಡಿಸಲು ಹೇಳಬಹುದು. ವಯಸ್ಸಾದವರ ವಿಷಯದಲ್ಲಿ ನನಗೆ ಒಂದೇ ಪಿಎನ್‌ಆರ್ ಇಷ್ಟ. ವಿಮಾನ ರದ್ದಾದರೆ ಇಬ್ಬರನ್ನೂ ಒಟ್ಟಿಗೆ ಬೇರೆ ವಿಮಾನಕ್ಕೆ ಹಾಕುವುದು ಆಗ ಸುಲಭ. ಇದರ ಉಲ್ಟಾ ಕೂಡ ಆಗುತ್ತದೆ. ಕೆಲವು ಏರ್‌ಲೈನ್‌ಗಳು ಇಬ್ಬರು ಒಟ್ಟಿಗೆ ಹೊರಟರೆ ಮಾತ್ರ ಕೊಡುವ ಕಂಪ್ಯಾನಿಯನ್ ದರ ಬಿಡುತ್ತವೆ. ಅದು ಒಬ್ಬರಿಗೆ ಹುಡುಕಿದರೆ ಕಾಣುವುದೇ ಇಲ್ಲ.

ಯಾವ ಏರ್‌ಲೈನ್ ಅಗ್ಗ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟು: ಯಾರ ಸ್ವಂತ ಊರಿನ ಮೇಲೆ ಹಾದುಹೋಗುತ್ತೀರೋ ಅವರನ್ನು ನೋಡಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಹೋಗಬೇಕಾದವರಿಗೆ ಲುಫ್ತಾನ್ಸಾ ಬಿಟ್ಟರೆ ಹೆಚ್ಚು ಆಯ್ಕೆ ಇಲ್ಲ. ಅವರ ಹತ್ತಿರ ಅದು ಒಳ್ಳೆಯ ದುಡ್ಡು ಕೇಳುತ್ತದೆ. ಬೆಂಗಳೂರಿನಿಂದ ಶಿಕಾಗೋಗೆ ಹೋಗುವವರಿಗಾದರೆ ದುಬೈ ಮೇಲೆ ಎಮಿರೇಟ್ಸ್, ದೋಹಾ ಮೇಲೆ ಕತಾರ್, ಅಬುಧಾಬಿ ಮೇಲೆ ಎತಿಹಾದ್, ಲಂಡನ್ ಮೇಲೆ ಬ್ರಿಟಿಷ್ ಏರ್‌ವೇಸ್, ಪ್ಯಾರಿಸ್ ಮೇಲೆ ಏರ್ ಫ್ರಾನ್ಸ್ ಎಲ್ಲರೂ ಇದ್ದಾರೆ. ಪೈಪೋಟಿಗೆ ಬಿದ್ದು ದರ ಇಳಿಸುತ್ತಾರೆ. ಬೆಂಗಳೂರು–ಫ್ರಾಂಕ್‌ಫರ್ಟ್ ಟಿಕೆಟ್‌ಗಿಂತ ಫ್ರಾಂಕ್‌ಫರ್ಟ್ ಮೇಲೆ ಶಿಕಾಗೋವರೆಗಿನ ಟಿಕೆಟ್ ಕಡಿಮೆಗೆ ಸಿಗುವುದೂ ಇದರಿಂದಲೇ. ಎಲ್ಲೂ ನಿಲ್ಲದ ನೇರ ವಿಮಾನಕ್ಕೆ ಯಾವಾಗಲೂ ಮೇಲೆ ಒಂದಿಷ್ಟು ತೆರಬೇಕು. ಒಂದು ಕಡೆ ಇಳಿದು ಹತ್ತಲು ಒಪ್ಪುವವರಿಗೆ ಡಿಸ್ಕೌಂಟ್.

ನಿಮ್ಮ ಅಪ್ಪ-ಅಮ್ಮನಿಗೆ ನಾನು ಮೊದಲು ಅಬುಧಾಬಿ ದಾರಿ ನೋಡುತ್ತೇನೆ. ಅಲ್ಲಿ 2014ರಿಂದ ಅಮೆರಿಕದ ಇಮಿಗ್ರೇಶನ್ ಕಚೇರಿಯೇ ಇದೆ. ಪಾಸ್‌ಪೋರ್ಟ್ ತಪಾಸಣೆ, ಪ್ರಶ್ನೆ, ಕಸ್ಟಮ್ಸ್ ಎಲ್ಲ ವಿಮಾನ ಹತ್ತುವ ಮೊದಲೇ ಮುಗಿಯುತ್ತದೆ. ಶಿಕಾಗೋದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ಸೀದಾ ಹೊರಗೆ ಬರುತ್ತಾರೆ. ಹದಿನಾಲ್ಕು ಗಂಟೆಗೂ ಹೆಚ್ಚು ಹಾರಿ, ಊದಿದ ಕಾಲಲ್ಲಿ ಓ’ಹೇರ್‌ನ ಇಮಿಗ್ರೇಶನ್ ಕ್ಯೂನಲ್ಲಿ ನಿಲ್ಲುವುದು ತಪ್ಪುತ್ತದೆ. ಆದರೆ ಅಬುಧಾಬಿಯಲ್ಲಿ ನಡುವೆ ಕನಿಷ್ಠ ಮೂರು ಗಂಟೆ ಸಮಯ ಇರಲಿ. ಅಲ್ಲಿ ಮತ್ತೊಂದು ಸಲ ಸೆಕ್ಯೂರಿಟಿ ದಾಟಬೇಕು.

ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಗಲ್ಫ್ ದಾರಿಯಲ್ಲಿ ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ಸಣ್ಣ ಹಾರಾಟ, ಆಮೇಲೆ ಒಂದು ತೀರಾ ಉದ್ದದ್ದು. ಯುರೋಪ್ ದಾರಿಯಲ್ಲಿ ಎರಡೂ ಒಂಬತ್ತು-ಹತ್ತು ಗಂಟೆಯವು. ದುಡ್ಡು ಪೂರ್ತಿ ಹೊಂದದಿದ್ದರೆ ಗಲ್ಫ್ ದಾರಿಯಲ್ಲಿ ಸಣ್ಣದಕ್ಕೆ ಎಕಾನಮಿ, ಉದ್ದದ್ದಕ್ಕೆ ಬಿಸಿನೆಸ್ ಅಂತ ಮಾಡಬಹುದು. ಎಕಾನಮಿ ಟಿಕೆಟ್ ಕೊಂಡು, ಆಮೇಲೆ ಏರ್‌ಲೈನ್ ಕಳಿಸುವ ‘ಅಪ್‌ಗ್ರೇಡ್‌ಗೆ ಬಿಡ್ ಮಾಡಿ’ ಅನ್ನುವ ಮೇಲ್‌ನಲ್ಲಿ ಉದ್ದದ ಹಾರಾಟಕ್ಕೆ ಮಾತ್ರ ಬೆಲೆ ಕೂಗುವ ದಾರಿ ಅದು. ಎತಿಹಾದ್, ಲುಫ್ತಾನ್ಸಾ ಎರಡರಲ್ಲೂ ಬಿಡ್ ಇದೆ. ಸಿಕ್ಕಿದರೆ ಒಳ್ಳೆಯ ಉಳಿತಾಯ. ಸಿಗದಿದ್ದರೆ ಅಮ್ಮ ಮತ್ತೆ ಅದೇ ಎಕಾನಮಿ ಸೀಟಿನಲ್ಲಿ. ಹೊರಡಲು ಒಂದೆರಡು ದಿನ ಇರುವಾಗ ಮಾತ್ರ ಗೊತ್ತಾಗುವ ಈ ಆಟವನ್ನು ಅವರ ಮೊಣಕಾಲಿನ ಮೇಲೆ ಆಡಬೇಡಿ. ನೀವು ದಂಪತಿ ಹೋಗುವಾಗ ಬೇಕಾದರೆ ಆಡಿ.

ಟಿಕೆಟ್ ಬೆಂಗಳೂರಿನಿಂದ ಶುರುವಾಗುವುದರಿಂದ ದರ ರೂಪಾಯಿಯಲ್ಲಿ ನಿಗದಿಯಾಗಿರುತ್ತದೆ. ಶಿಕಾಗೋ–ಬೆಂಗಳೂರು–ಶಿಕಾಗೋ ದರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ನೋಡಿ ಇದನ್ನು ಅಳೆಯಬೇಡಿ. ಎರಡು ಒನ್-ವೇ ಟಿಕೆಟ್ ಸೇರಿಸಿದರೆ ಬಹಳಷ್ಟು ಸಲ ಹೋಗಿಬರುವ ಟಿಕೆಟ್‌ಗಿಂತ ದುಬಾರಿ. ಜೊತೆಗೆ ಜಿಎಸ್‌ಟಿ. ಭಾರತದಿಂದ ಹೊರಡುವ ಎಕಾನಮಿ ಟಿಕೆಟ್‌ಗೆ ಶೇ. 5 ಇದ್ದರೆ, ಬಿಸಿನೆಸ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18. ಅದಕ್ಕೆ ಮೊದಲು 12 ಇತ್ತು. ಹಾಗಾಗಿ ಮೂಲ ದರ ನೋಡಿ ಖುಷಿಪಡದೆ, ತೆರಿಗೆ ಸೇರಿ ಕೊನೆಗೆ ಎಷ್ಟಾಯಿತು ಅನ್ನುವುದನ್ನೇ ಹೋಲಿಸಿ.

ಬೇರೆ ಊರಿನಿಂದ ಹೊರಟರೆ ಅಗ್ಗ ಅನ್ನುವುದು ನಿಜ. ಕೊಲಂಬೊದಿಂದ ಶುರುವಾಗುವ ಬಿಸಿನೆಸ್ ದರಗಳು ಎಷ್ಟೋ ಸಲ ಬೆಂಗಳೂರಿಗಿಂತ ಕಡಿಮೆ ಇರುತ್ತವೆ. ಗಟ್ಟಿಮುಟ್ಟಾದ ಪ್ರವಾಸಿಗರು ಹಾಗೆ ಹೋಗುತ್ತಾರೆ. ಅಲ್ಲಿಗೆ ಬೇರೆ ಟಿಕೆಟ್, ಶ್ರೀಲಂಕಾಕ್ಕೆ ಪ್ರವೇಶದ ಅನುಮತಿ, ಲಗೇಜ್ ಇಳಿಸಿ ಮತ್ತೆ ಚೆಕ್-ಇನ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಅಲ್ಲ. ನಿಮ್ಮ ಅಪ್ಪ-ಅಮ್ಮನಿಗೆ ಇದು ಬೇಡವೇ ಬೇಡ. ಚೆನ್ನೈ ಆದರೆ ಒಂದು ಯೋಚನೆ ಮಾಡಬಹುದು. ಮೈಸೂರಿನಿಂದ 2022ರಿಂದ ವಂದೇ ಭಾರತ್ ರೈಲು ಇದೆ. ಹಿಂದಿನ ದಿನ ಹೋಗಿ, ವಿಮಾನ ನಿಲ್ದಾಣದ ಹತ್ತಿರ ಒಂದು ರಾತ್ರಿ ಉಳಿದು ಹೊರಡಬಹುದು. ಇಬ್ಬರಿಗೆ ಸೇರಿ ಲಕ್ಷ ರೂಪಾಯಿ ಉಳಿಯುತ್ತದೆ ಅಂದರೆ ಮಾತ್ರ ಮಾಡಿ. ಬರೀ ಹತ್ತು-ಹದಿನೈದು ಸಾವಿರ ಉಳಿಸುವುದಕ್ಕಾಗಿ, ಮೈಸೂರಿನಿಂದ ಫ್ಲೈಬಸ್ ಅಥವಾ ಕಾರು ಹತ್ತಿ ಬೆಂಗಳೂರಿಗೆ ಬರುವ ಸುಖ ಬಿಡಬೇಡಿ.

ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಇದ್ದರೆ ಅವನ್ನು ಮರೆಯಬೇಡಿ. ಅಮೆಕ್ಸ್, ಚೇಸ್, ಕ್ಯಾಪಿಟಲ್ ಒನ್ ಪಾಯಿಂಟ್‌ಗಳನ್ನು ಏರ್ ಕೆನಡಾದ ಏರೋಪ್ಲಾನ್ ಅನ್ನುವ ಮೈಲು (ಏರ್‌ಲೈನ್ ಪಾಯಿಂಟ್) ಯೋಜನೆಗೆ ವರ್ಗಾಯಿಸಿ, ಅದರಿಂದ ಲುಫ್ತಾನ್ಸಾ, ಏರ್ ಇಂಡಿಯಾ ಥರ ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನ್ ಕೂಟದ ವಿಮಾನಗಳಲ್ಲಿ ಸೀಟು ತೆಗೆದುಕೊಳ್ಳಬಹುದು. ನಿಮ್ಮ ಖಾತೆಯಿಂದ ಅಪ್ಪ-ಅಮ್ಮನ ಹೆಸರಿಗೆ ಟಿಕೆಟ್ ಮಾಡುವುದಕ್ಕೆ ಅಡ್ಡಿ ಇಲ್ಲ. ಏರೋಪ್ಲಾನ್ ಮೇಲಿನಿಂದ ಇಂಧನದ ಸರ್‌ಚಾರ್ಜ್ ಹಾಕುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಮೈಲು ಕೊಟ್ಟೂ ನಗದಿನಲ್ಲಿ ದೊಡ್ಡ ಮೊತ್ತ ಕೊಡಬೇಕಾಗುತ್ತದೆ. ಸೀಟು ಕಣ್ಣಿಗೆ ಕಾಣುವ ತನಕ ಪಾಯಿಂಟ್ ವರ್ಗಾಯಿಸಬೇಡಿ, ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಒಂದೇ ವಿಮಾನದಲ್ಲಿ ಎರಡು ಸೀಟು ಸಿಗುವುದು ಕಷ್ಟ. ಸುಮಾರು ಹನ್ನೊಂದು ತಿಂಗಳು ಮೊದಲು, ಇಲ್ಲವೇ ಕೊನೆಯ ಎರಡು ವಾರದಲ್ಲಿ ಅವಕಾಶ ಜಾಸ್ತಿ. ಪಾಯಿಂಟ್ ಒಬ್ಬರಿಗೆ ಮಾತ್ರ ಸಾಲುವಷ್ಟಿದ್ದರೆ ಇಬ್ಬರಿಗೂ ಒಂದು ದಿಕ್ಕಿಗೆ ಬಳಸಿ. ಒಬ್ಬರನ್ನು ಮುಂದೆ, ಒಬ್ಬರನ್ನು ಹಿಂದೆ ಕೂರಿಸುವುದಕ್ಕಿಂತ ಅದು ಮೇಲು.

ತಪ್ಪಾಗಿ ಹಾಕಿದ ದರಗಳ ಕಥೆ ನೀವೂ ಕೇಳಿರಬಹುದು. 2019ರ ಹೊಸ ವರ್ಷದ ಹೊತ್ತಿಗೆ ಕ್ಯಾಥೆ ಪೆಸಿಫಿಕ್ ವಿಯೆಟ್ನಾಂನಿಂದ ನ್ಯೂಯಾರ್ಕಿಗೆ ಬಿಸಿನೆಸ್ ಕ್ಲಾಸ್ ಹೋಗಿಬರುವ ಟಿಕೆಟ್ಟನ್ನು ಸಾವಿರ ಡಾಲರ್‌ಗೂ ಕಡಿಮೆಗೆ ಮಾರಿಬಿಟ್ಟಿತು, ಮಾತಿಗೂ ನಿಂತಿತು. ಆದರೆ ಹಾಗೆ ನಿಲ್ಲಲೇಬೇಕು ಅನ್ನುವ ಒತ್ತಾಯವನ್ನು ಅಮೆರಿಕದ ಸಾರಿಗೆ ಇಲಾಖೆ 2015ರಲ್ಲೇ ಕೈಬಿಟ್ಟಿದೆ. ಅದನ್ನು ನಂಬಿ ಕೂರಬೇಡಿ.

ಈಗ ನಿಮ್ಮ ಏಜೆಂಟ್ ವಿಷಯಕ್ಕೆ ಬರೋಣ. ಕಡಿಮೆ ದರಕ್ಕೆ ಮಾರುವ ಎಲ್ಲರೂ ಮೋಸಗಾರರಲ್ಲ. ಕನ್ಸಾಲಿಡೇಟರ್ ಅನ್ನುವವರು ಏರ್‌ಲೈನ್ ಜೊತೆ ಒಪ್ಪಂದ ಮಾಡಿಕೊಂಡು, ಎಲ್ಲೂ ಪ್ರಕಟವಾಗದ ದರಕ್ಕೆ ಟಿಕೆಟ್ ತರುತ್ತಾರೆ. ನಮ್ಮ ಜನರ ಎಷ್ಟೋ ಟ್ರಾವೆಲ್ ಅಂಗಡಿಗಳು ಅವರಿಂದಲೇ ಟಿಕೆಟ್ ತಂದು ಮಾರುವುದು. ಅಂಥ ಟಿಕೆಟ್‌ನಲ್ಲಿ ದರದ ಜಾಗದಲ್ಲಿ ಸಂಖ್ಯೆಯ ಬದಲು ‘ಬಲ್ಕ್’ ಅಥವಾ ‘ಐಟಿ’ ಅಂತ ಇರುತ್ತದೆ. ಅದು ಸಾಚಾ ಟಿಕೆಟ್ಟೇ. ದಿನಾಂಕ ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಏರ್‌ಲೈನ್ ಬದಲು ಆ ಏಜೆಂಟ್‌ನನ್ನೇ ಹಿಡಿಯಬೇಕು, ಅಷ್ಟೇ. ಹೀಗೆ ಸಿಗುವ ರಿಯಾಯಿತಿಗೂ ಒಂದು ಮಿತಿ ಇರುತ್ತದೆ. ಐದು ಸಾವಿರದ್ದು ಅರ್ಧಕ್ಕಿಂತ ಕೆಳಗೆ ಇಳಿಯಿತು ಅಂದರೆ ಬೇರೆ ಏನೋ ಇದೆ ಅಂತಲೇ ತಿಳಿಯಿರಿ.

ಆ ಬೇರೆ ಏನೋ ಬಹಳ ಸಲ ಮೈಲುಗಳ ದಂಧೆ. ಯಾರದೋ ಖಾತೆಯಲ್ಲಿರುವ ಮೈಲುಗಳನ್ನು ದುಡ್ಡು ಕೊಟ್ಟು ಕೊಂಡು, ಅದರಿಂದ ನಿಮ್ಮ ಅಪ್ಪ-ಅಮ್ಮನ ಹೆಸರಿಗೆ ಟಿಕೆಟ್ ಮಾಡಿ, ನಿಮಗೆ ‘ಕಾರ್ಪೊರೇಟ್ ರೇಟು’ ಅಂತ ಮಾರುತ್ತಾರೆ. ಮೈಲುಗಳನ್ನು ಹೀಗೆ ಮಾರುವುದು ಏರ್‌ಲೈನ್‌ಗಳ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಟಿಕೆಟ್ ರದ್ದು. ಅದು ಗೊತ್ತಾಗುವುದು ಚೆಕ್-ಇನ್ ಕೌಂಟರ್‌ನಲ್ಲಿ ಆಗಬಹುದು, ಶಿಕಾಗೋದಿಂದ ಮರಳುವ ದಿನವೂ ಆಗಬಹುದು. ಆಗ ಕೊನೆ ಗಳಿಗೆಯ ಟಿಕೆಟ್‌ಗೆ ನೀವು ಕೊಡುವ ದುಡ್ಡಿನ ಮುಂದೆ ಉಳಿಸಿದ್ದು ಏನೂ ಅಲ್ಲ.

ಕಂಡುಹಿಡಿಯುವುದು ಕಷ್ಟವಲ್ಲ. ಹಣ ಕೊಡುವ ಮೊದಲು ಮೂರು ಮಾತು ಕೇಳಿ. ಯಾವ ಬುಕಿಂಗ್ ಅಕ್ಷರ? ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತೀರಾ? ಈ ಟಿಕೆಟ್‌ಗೆ ಪ್ರಯಾಣಿಕರ ಖಾತೆಯಲ್ಲಿ ಮೈಲು ಸೇರುತ್ತದೆಯಾ? ಮೈಲಿನಿಂದ ಮಾಡಿದ ಟಿಕೆಟ್‌ಗೆ ಮೈಲು ಸೇರುವುದಿಲ್ಲ. ಅಲ್ಲೇ ತಡವರಿಸುತ್ತಾರೆ. ‘ಏರ್‌ಲೈನ್‌ಗೆ ಫೋನ್ ಮಾಡಬೇಡಿ, ಏನಿದ್ದರೂ ನಮಗೇ ಹೇಳಿ’ ಅಂದರೆ ಅಲ್ಲಿಗೇ ಮಾತು ಮುಗಿಸಿ. ಇನ್ನು ಹಣ ಕೊಟ್ಟ ಮೇಲೆ ಬರುವ ಆರು ಅಕ್ಷರದ ಪಿಎನ್‌ಆರ್ ಬರೀ ಕಾಯ್ದಿರಿಸಿದ್ದಕ್ಕೆ ಗುರುತು, ಟಿಕೆಟ್ ಅಲ್ಲ. ಟಿಕೆಟ್ ಅಂದರೆ 13 ಅಂಕಿಯ ಸಂಖ್ಯೆ. ಅದರ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನ್‌ನದು. ಎತಿಹಾದ್ ಆದರೆ 607, ಕತಾರ್ 157, ಎಮಿರೇಟ್ಸ್ 176, ಲುಫ್ತಾನ್ಸಾ 220, ಏರ್ ಇಂಡಿಯಾ 098. ಎತಿಹಾದ್ ವಿಮಾನಕ್ಕೆ ಸಂಬಂಧವೇ ಇಲ್ಲದ ಯಾವುದೋ ದೇಶದ ಏರ್‌ಲೈನ್‌ನ ಅಂಕಿ ಬಂದು, ರಸೀದಿಯಲ್ಲಿ ತೆರಿಗೆ ಮಾತ್ರ ಕಂಡರೆ, ಅದು ಮೈಲಿನ ಟಿಕೆಟ್ ಅನ್ನುವ ಅನುಮಾನ ಬಲವಾಗುತ್ತದೆ. ಝೆಲ್‌ನಲ್ಲಿ ಕಳಿಸಿದ ಹಣ ಮರಳಿ ಬರುವುದು ಕಷ್ಟ. ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು.

ಕೊಳ್ಳುವುದು ಏರ್‌ಲೈನ್‌ನಿಂದಲೇ ನೇರವಾಗಿ ಆದರೆ ಇನ್ನೊಂದು ಅನುಕೂಲ. ಅಮೆರಿಕಕ್ಕೆ ಬಂದುಹೋಗುವ ಏರ್‌ಲೈನ್‌ಗಳು ಅಲ್ಲಿ ಮಾರುವ ಟಿಕೆಟ್‌ಗಳನ್ನು, ಪ್ರಯಾಣಕ್ಕೆ ಏಳು ದಿನಕ್ಕಿಂತ ಮೊದಲು ಕೊಂಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು. ಇಲ್ಲವೇ ಹಣ ಕಟ್ಟದೆ 24 ಗಂಟೆ ದರ ಹಿಡಿದಿಡಲು ಬಿಡಬೇಕು. ಏರ್‌ಲೈನ್ ಇವೆರಡರಲ್ಲಿ ಯಾವುದನ್ನು ಕೊಡುತ್ತದೆ ಅಂತ ನೋಡಿಕೊಂಡು, ಒಳ್ಳೆಯ ದರ ಕಂಡ ತಕ್ಷಣ ತೆಗೆದುಕೊಂಡುಬಿಡಿ. ಮನೆಯವರ ಜೊತೆ ಮಾತಾಡುವುದು, ಅಪ್ಪನ ಡಾಕ್ಟರ್ ಅಪಾಯಿಂಟ್‌ಮೆಂಟ್ ನೋಡುವುದು ಆಮೇಲೆ. ಮಾತಾಡಿ ಮುಗಿಸುವಷ್ಟರಲ್ಲಿ ದರ ಹೋಗಿರುತ್ತದೆ.

ಹಣ ಕಟ್ಟುವ ಮೊದಲು ಸೀಟು ನೋಡಿ. ಹೆಸರು ಬಿಸಿನೆಸ್ ಆದರೂ ಎಲ್ಲ ಒಂದೇ ಥರ ಇಲ್ಲ. ಏರ್ ಇಂಡಿಯಾದ ಎ350 ವಿಮಾನದಲ್ಲಿ ಸಾಲಿಗೆ ನಾಲ್ಕೇ ಸೀಟು, ಎಲ್ಲರೂ ನೇರ ಓಡಾಡುವ ದಾರಿಗೆ ಇಳಿಯಬಹುದು. ಅದರದೇ ಹಳೆಯ ಬೋಯಿಂಗ್ 777ರಲ್ಲಿ ಸಾಲಿಗೆ ಏಳು. ಎಮಿರೇಟ್ಸ್‌ನ ಹಳೆಯ 777ರಲ್ಲೂ ಏಳು. ಕಿಟಕಿ ಪಕ್ಕದವರು ಏಳಬೇಕಾದರೆ ಪಕ್ಕದವರ ಕಾಲು ದಾಟಬೇಕು. ಅಮ್ಮನಿಗೆ ದಾರಿ ಪಕ್ಕದ ಸೀಟೇ ಬೇಕು. ನಾಲ್ಕು ಸೀಟಿನ ಸಾಲಾದರೆ ನಡುವಿನ ಜೋಡಿ ಸೀಟು ತೆಗೆದುಕೊಳ್ಳಿ, ಅಪ್ಪ ಪಕ್ಕದಲ್ಲೇ ಇರುತ್ತಾರೆ, ಇಬ್ಬರಿಗೂ ದಾರಿ ಸಿಗುತ್ತದೆ. ತೀರಾ ಅಗ್ಗದ ಬಿಸಿನೆಸ್ ದರದಲ್ಲಿ ಕೆಲವು ಏರ್‌ಲೈನ್‌ಗಳು ಸೀಟು ಆರಿಸಲು, ಲೌಂಜಿಗೆ ಹೋಗಲು ಬೇರೆ ದುಡ್ಡು ಕೇಳುತ್ತವೆ, ಅದನ್ನೂ ಓದಿಕೊಳ್ಳಿ. ಗೂಗಲ್ ಫ್ಲೈಟ್ಸ್‌ನಲ್ಲಿ ಪ್ರಯಾಣದ ವಿವರ ಬಿಚ್ಚಿದರೆ ಪ್ರತಿ ಹಾರಾಟಕ್ಕೂ ಯಾವ ಕ್ಲಾಸ್ ಅಂತ ಬರುತ್ತದೆ. ಉದ್ದದ ಹಾರಾಟದ ಎದುರಿಗೇ ಎಕಾನಮಿ ಅಂತ ಇದ್ದರೆ ಆ ಅಗ್ಗದ ದರದಿಂದ ಏನೂ ಪ್ರಯೋಜನವಿಲ್ಲ.

ಒಂದು ವೇಳೆ ವಿಮಾನ ನಿಲ್ದಾಣದಲ್ಲಿ ‘ಸೀಟು ಇಲ್ಲ, ಎಕಾನಮಿಯಲ್ಲಿ ಹೋಗಿ’ ಅಂದರೆ ಸುಮ್ನೆ ಒಪ್ಪಬೇಡಿ ಅಂತ ಅಪ್ಪನಿಗೆ ಹೇಳಿಡಿ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದಂತೆ 3,500 ಕಿಲೋಮೀಟರ್‌ಗಿಂತ ದೂರದ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕ್ಲಾಸ್ ಇಳಿಸಿದರೆ ತೆರಿಗೆ ಸೇರಿ ಟಿಕೆಟ್ ದರದ ಶೇ. 75 ಹಿಂದಿರುಗಿಸಬೇಕು. ಬೋರ್ಡಿಂಗ್ ಪಾಸ್ ಎರಡನ್ನೂ ಇಟ್ಟುಕೊಳ್ಳಲಿ.

ಟಿಕೆಟ್ ಕೈಗೆ ಬಂದ ದಿನವೇ ಏರ್‌ಲೈನ್ ಸೈಟಿನಲ್ಲಿ ಇಬ್ಬರ ಹೆಸರಿಗೂ ವೀಲ್‌ಚೇರ್ ಹಾಕಿಸಿ. ಅಮ್ಮನಿಗೆ ಮಾತ್ರ ಹಾಕಿಸಿದರೆ ಅವರನ್ನು ಒಂದು ಕಡೆ ಕರೆದುಕೊಂಡು ಹೋಗಿ, ಅಪ್ಪ ಇನ್ನೊಂದು ಕಡೆ ಹುಡುಕುತ್ತಾ ನಿಲ್ಲುವ ಹಾಗಾಗುತ್ತದೆ. ಊಟಕ್ಕೆ ಸಸ್ಯಾಹಾರ ಬೇಕಾದರೆ ‘ಏಷ್ಯನ್ ವೆಜಿಟೇರಿಯನ್’ ಅಂತ ಆರಿಸಿ. ಬರೀ ‘ವೆಜಿಟೇರಿಯನ್’ ಅಂತ ಬಿಟ್ಟರೆ ತರಕಾರಿ ಸಲಾಡ್, ಪಾಸ್ತಾ ಬಂದು, ಮೈಸೂರಿನ ನಾಲಿಗೆಗೆ ಏನೂ ಸೇರದೆ ಹಸಿದುಕೊಂಡೇ ಬರುತ್ತಾರೆ. ಬಿಸಿನೆಸ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 32 ಕಿಲೋದ ಎರಡು ಲಗೇಜ್ ತರಬಹುದು. ಆದರೆ ಅಷ್ಟು ಭಾರದ ಪೆಟ್ಟಿಗೆಯನ್ನು ಮನೆಯಲ್ಲಿ ಎತ್ತಿಡುವವರು ಅಪ್ಪನೇ ಆಗಿದ್ದರೆ, 23 ಕಿಲೋಗೇ ನಿಲ್ಲಿಸಲು ಹೇಳಿ.